ಸಾಲುಗಳ ನಡುವಿನ ಹುಲ್ಲು

"ಅಯ್ಯೋ ದೇವ್ರೇ, ಏನೋ ಮಾಡಿಟ್ಟೆ ಇದು!"

ಸಿಲ್ವೆಟ್ ವ್ಯಾನಿನ ಬಾಗಿಲು ಹಾಕುವುದನ್ನೂ ಮರೆತು ಹೊಲಕ್ಕೆ ಓಡಿದಳು. ಬೆಳಿಗ್ಗೆ ಅವಳು ಸಂತೆಗೆ ಹೊರಟಾಗ ಲ್ಯಾವೆಂಡರಿನ ಸಾಲುಗಳ ನಡುವೆ ಮೊಣಕಾಲೆತ್ತರ ಓಟ್ಸ್ ಹುಲ್ಲು ನಿಂತಿತ್ತು. ಈಗ ಬರೀ ಬಿಳಿ ಕಲ್ಲುಮಣ್ಣು. ಅವಳ ಅಣ್ಣ ಗಾಸ್ಟನ್ ಟ್ರ್ಯಾಕ್ಟರಿಗೆ ಒರಗಿ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಮುಖದ ತುಂಬ ನಗು.

"ಹೆಂಗಿದೆ? ನೀನು ಬರೋದ್ರೊಳಗೆ ಮುಗಿಸ್ಬೇಕು ಅಂತ ಊಟಾನೂ ಬಿಟ್ಟೆ."

"ಅದು ಕಳೆ ಅಲ್ಲ ಕಣೋ! ನಾನೇ ಬಿತ್ತಿದ್ದು!"

"ಗೊತ್ತಮ್ಮ. ಮಣ್ಣಿಗೆ ಗೊಬ್ಬರ ಅಂತ ಬಿತ್ತಿದೀಯ, ಕೀಳೋಕೆ ಪುರುಸೊತ್ತಿಲ್ಲ ಅಂದ್ಕೊಂಡೆ. ಕೆಫೆಯಲ್ಲಿ ಎಲ್ರೂ ಕೇಳ್ತಾರೆ, ನಿನ್ ತಂಗಿ ಲ್ಯಾವೆಂಡರ್ ಬೆಳೀತಾಳೋ, ಕುರಿ ಮೇಯಿಸ್ತಾಳೋ ಅಂತ. ತಲೆ ಎತ್ತೋ ಹಾಗಿಲ್ಲ."

ಅವನದೇ ತಪ್ಪೆನ್ನುವುದು ಹೇಗೆ? ಫ್ರಾನ್ಸಿನ ಈ ಪ್ರೊವಾನ್ಸ್ ಸೀಮೆಯಲ್ಲೆಲ್ಲ ಸಾಲಿನ ನಡುವೆ ಒಂದು ಎಸಳು ಹಸಿರು ಕಂಡರೂ ಆ ಮನೆಯವರು ಸೋಮಾರಿಗಳು ಎಂದೇ ಲೆಕ್ಕ. ಆದರೆ ಆ ಲೆಕ್ಕ ಹುಟ್ಟಿದ ಕಾಲದಲ್ಲಿ ಚಳಿ ಚಳಿಯಂತಿತ್ತು, ಮಳೆ ಮಳೆಯಂತಿತ್ತು. ಈಗ ಬೇಸಿಗೆ ಕಾದಷ್ಟೂ ರಸ ಹೀರುವ ಜಿಗಿಹುಳು ಹೆಚ್ಚುತ್ತದೆ. ಬೋಳು ನೆಲ ಕಂಡಲ್ಲಿ ಇಳಿದು ಗಿಡಕ್ಕೆ ರೋಗ ಅಂಟಿಸುತ್ತದೆ. ಅವಳ ಮೇಲಿನ ಹೊಲ ಹಾಗೇ ಹಳದಿಯಾಗಿ ಒಣಗಿತ್ತು. ಹುಳು ಇಳಿಯದಿರಲಿ ಎಂದೇ ಅವಳು ಈ ಎಳೆ ಗಿಡಗಳ ನಡುವೆ ಹುಲ್ಲು ಬೆಳೆಸಿದ್ದು. ಇದು ಉಳಿದರೆ ಲ್ಯಾವೆಂಡರ್ ಉಳಿಯಿತು. ಹೋದರೆ ಇನ್ನೊಮ್ಮೆ ನೆಡುವ ಶಕ್ತಿ ಅವಳಿಗಿರಲಿಲ್ಲ.

"ಒಂದ್ ಮಾತು ಕೇಳ್ಬಾರ್ದಿತ್ತೇನೋ?" ಅವಳು ಸಾಲಿನ ಪಕ್ಕ ಕುಕ್ಕರಿಸಿದಳು. "ಹುಳ ಹಾರೋ ಕಾಲ ಇದೇ. ಈ ಬಿಸಿಲಲ್ಲಿ ಮತ್ತೆ ಬಿತ್ತಿದ್ರೆ ಏನು ಹುಟ್ಟುತ್ತೆ, ನಿನ್ ತಲೆ!"

ಅವಳು ಒಂದು ಗಿಡವನ್ನು ಕೈಯಿಂದ ತಟ್ಟಿದಳು. ಸಣ್ಣ ಕಪ್ಪು ಹುಳುಗಳು ಚಿಮ್ಮಿ, ಪಕ್ಕದ ಗಿಡದ ಮೇಲೆ ಕೂತವು. ಗಾಸ್ಟನ್ ಬಗ್ಗಿ ನೋಡಿದ. ನಗು ಇಳಿಯಿತು.

"ನೀನಾದ್ರೂ ಹೇಳ್ಬೇಕಿತ್ತು," ಎಂದ ಮೆಲ್ಲಗೆ.

"ಹೇಳಿದ್ದೆ. ನೀನೂ ಆ ಕೆಫೆಯವ್ರ ಜೊತೆ ಸೇರಿ ನಕ್ಕಿದ್ದೆ."

ಅವನು ಬದುವಿಗೆ ಹೋದ. ತಾನೇ ರಾಶಿ ಹಾಕಿದ್ದ ಹುಲ್ಲನ್ನು ಬಾಚಿ ತಂದು ಸಾಲಿನ ನಡುವೆ ಹರಡತೊಡಗಿದ.

"ಬಿಡೋ, ಬೇರು ಕಿತ್ತಿದ್ದು ಬದುಕಲ್ಲ."

ಅವನು ಕೇಳಲಿಲ್ಲ. ಬಡಗಣ ಗಾಳಿ ಎದ್ದಿತು. ಗಾಸ್ಟನ್ ಮಂಡಿಯೂರಿ, ಎರಡೂ ಕೈ ಚಾಚಿ ಹುಲ್ಲನ್ನು ನೆಲಕ್ಕೆ ಅದುಮಿ ಹಿಡಿದ. ಕೈಗೆ ಸಿಗದಿದ್ದದ್ದೆಲ್ಲ ಸಾಲು ಸಾಲು ದಾಟಿ ಹಾರಿಹೋಗುತ್ತಿತ್ತು.