ಮುನ್ನೂರ ನಲವತ್ಮೂರು ಮೆಟ್ಟಿಲು

ನಿಜಲಿಂಗಪ್ಪನವರು ವಿಯೆನ್ನಾ ನೋಡಿಬಂದು ಮೂರು ವಾರವಾಗಿದ್ದರೂ ಅವರ ಬಾಯಲ್ಲಿ ವಿಯೆನ್ನಾ ಇನ್ನೂ ಮುಗಿದಿರಲಿಲ್ಲ. ಎಟೋಬಿಕೋಕಿನ ಕನ್ನಡದವರಲ್ಲಿ ಅವರಿಗೆ ಗೈಡ್ ಕಾಕಾ ಎಂದೇ ಹೆಸರು. ಯಾರು ಯಾವ ದೇಶಕ್ಕೆ ಹೊರಟರೂ ಮೊದಲು ಅವರಿಗೊಂದು ಫೋನು. ಹುಬ್ಬಳ್ಳಿಯಿಂದ ಬಂದು ಇಪ್ಪತ್ತೆಂಟು ವರ್ಷ ಇಲ್ಲಿಯ ಕಾರ್ಖಾನೆಯಲ್ಲಿ ಲೇತ್ ಮಷೀನು ನಡೆಸಿದ ಮನುಷ್ಯ ಅಷ್ಟೆಲ್ಲ ಊರು ಯಾವಾಗ ನೋಡಿದರು ಎಂದು ಮಾತ್ರ ಕೇಳಬೇಡಿ. ಹತ್ತಿರದ ನಯಾಗರಾ ಜಲಪಾತ ಬಿಟ್ಟರೆ ಏನನ್ನೂ ನೋಡಿರಲಿಲ್ಲ. ಲೈಬ್ರರಿಯಲ್ಲಿದ್ದ ಪ್ರವಾಸದ ಪುಸ್ತಕಗಳನ್ನೆಲ್ಲ ಅರೆದು ಕುಡಿದಿದ್ದರು, ಅಷ್ಟೇ.

ಕೊನೆಗೆ ಮಗ ಅಭಿನಂದನ್ ಅಪ್ಪ ಅವ್ವನಿಗೆ ಟಿಕೆಟ್ ತೆಗೆಸಿಕೊಟ್ಟ. ನಿಜಲಿಂಗಪ್ಪನವರು ಎಂಟು ತಿಂಗಳು ಕೂತು ದಿನಕ್ಕೊಂದು ಹಾಳೆ ಬರೆದರು. ಬೆಳಗ್ಗೆ ಅರಮನೆ, ಮಧ್ಯಾಹ್ನ ಚಿತ್ರಶಾಲೆ, ಸಂಜೆ ನೂರು ವರ್ಷ ದಾಟಿದ ಜಾಯಂಟ್ ವ್ಹೀಲು. ಆದದ್ದೇನು? ಮೊದಲನೆಯ ಬೆಳಗ್ಗೆ ಹೋಟೆಲಿನ ಬಾಗಿಲು ದಾಟಿ ಇಪ್ಪತ್ತು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಎದುರಿನ ಕಟ್ಟಡದ ನೆತ್ತಿಯ ಮೇಲಿದ್ದ ಕಲ್ಲಿನ ಗೊಂಬೆ ಯಾವ ರಾಜನದೆಂದು ಹೆಂಡತಿ ಪಾರ್ವತೆವ್ವನಿಗೆ ತೋರಿಸುತ್ತ, ಫುಟ್‌ಪಾತು ಮುಗಿದದ್ದೇ ಕಾಣದೆ ದೊಪ್ಪನೆ ಬಿದ್ದರು. ಕಾಲು ಕುಂಬಳಕಾಯಿಯ ಹಾಗೆ ಊದಿಕೊಂಡಿತು. ಐದು ದಿನ ಕಾಲು ನೆಲಕ್ಕೆ ಊರಕೂಡದು ಎಂದು ಡಾಕ್ಟರು ಹೇಳಿ ಹೋದರು. ಪ್ರವಾಸವಿದ್ದದ್ದೇ ಆರು ದಿನ.

ಅಲ್ಲಿಂದ ಪಾರ್ವತೆವ್ವನ ಡ್ಯೂಟಿ ಶುರುವಾಯಿತು. ನಿಜಲಿಂಗಪ್ಪನವರು ಹಾಸಿಗೆಯಲ್ಲಿ ದಿಂಬಿಗೆ ಒರಗಿ ಚೀಟಿ ಬರೆಯುವುದು: ಎಷ್ಟನೆಯ ನಂಬರಿನ ಟ್ರಾಮು, ಎಲ್ಲಿ ಇಳಿಯಬೇಕು, ಎಲ್ಲಿ ನಿಂತು ಫೋಟೋ ತೆಗೆಯಬೇಕು. ಈಕೆ ಹೋಗಿ ತೆಗೆದುಕೊಂಡು ಬರುವುದು. ಇಪ್ಪತ್ತು ವರ್ಷ ಬೇಕರಿಯೊಂದರಲ್ಲಿ ನಿಂತು ಬ್ರೆಡ್ಡು ಪ್ಯಾಕ್ ಮಾಡಿದವಳು ಪಾರ್ವತೆವ್ವ. ಮನೆಯಿಂದ ಬೇಕರಿಗೆ, ಬೇಕರಿಯಿಂದ ಮನೆಗೆ, ಅದೂ ಗಂಡನ ಕಾರಿನಲ್ಲಿ. ಅಂಥವಳು ಅರವತ್ತೆರಡನೆಯ ವಯಸ್ಸಿನಲ್ಲಿ ಒಬ್ಬಳೇ ಟ್ರಾಮು ಹತ್ತಿದಳು. ಸಂಜೆ ಬಂದ ಮೇಲೆ ಗಂಡ ಫೋನಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತ, ಇದು ಇಂಥ ವರ್ಷ ಕಟ್ಟಿದ್ದು, ಇದರೊಳಗೆ ಸಾವಿರದ ಮೇಲೆ ಕೋಣೆ ಅದಾವ ಎಂದು ಆಕೆಗೇ ವಿವರಿಸುತ್ತಿದ್ದರು. ಅರಮನೆ ನೋಡಿಬಂದವಳು ಆಕೆ, ಬಣ್ಣಿಸುವವರು ಅವರು! ಪಾಪ, ಮಲಗಿದಲ್ಲೇ ಮಲಗಿದ್ದಾರೆ ಎಂದು ಪಾರ್ವತೆವ್ವ ಹೂಂಗುಡುತ್ತಿದ್ದಳು.

ನಾಲ್ಕನೆಯ ದಿನದ ಚೀಟಿಯಲ್ಲಿ ಹೋಟೆಲಿಗೆ ಹತ್ತಿರವೇ ಇದ್ದ, ಊರ ನಡುವಿನ ದೊಡ್ಡ ಚರ್ಚು ಇತ್ತು. ‘ಕೆಳಗಿಂದ ಫೋಟೋ ತೆಗಿ. ಗೋಪುರ ಹತ್ತಬ್ಯಾಡ, 343 ಮೆಟ್ಟಿಲು ಅದಾವ, ನಿನ್ನ ಕೈಲಾಗಂಗಿಲ್ಲ.’ ಕೈಲಾಗಂಗಿಲ್ಲ ಎಂದು ಬರೆಯದಿದ್ದರೆ ಪಾರ್ವತೆವ್ವ ತನ್ನ ಪಾಡಿಗೆ ತಾನು ವಾಪಸು ಬರುತ್ತಿದ್ದಳೋ ಏನೋ. ಚೀಟಿ ಓದಿದಳು, ಮೇಲೆ ನೋಡಿದಳು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟಳು. ಒಂದೊಂದು ಮೆಟ್ಟಿಲನ್ನೂ ಎಣಿಸುತ್ತ ಹತ್ತಿದಳು. ಫೋನಿನ ಚಾರ್ಜು ಅರ್ಧ ದಾರಿಗೇ ಮುಗಿದಿತ್ತು.

ಹೋಟೆಲಿಗೆ ಬಂದಾಗ ಮೂರು ತಾಸು ತಡವಾಗಿತ್ತು. ಮುಖ ಕೆಂಪಾಗಿ, ಉಸಿರು ನಿಲ್ಲದೆ, “ರೀ, ನಾ ಇವತ್ತ ಏನ್ ಮಾಡಿದೆ ಗೊತ್ತೇನ್ರಿ? ಹತ್ತಿದೆ! ಪೂರಾ ಹತ್ತಿದೆ!” ಎಂದಳು.

“ಬುದ್ಧಿ ಐತೇನ ನಿನಗ? ಸತ್ತೀಯೋ ಬದುಕೀಯೋ ಅಂತ ನಾ ಇಲ್ಲಿ ಒದ್ದಾಡಾಕತ್ತೀನಿ. ಎದ್ದು ಹುಡುಕೂನು ಅಂದ್ರ ಕಾಲಿಲ್ಲ!” ಎಂದು ಕೂಗಾಡಿ ಗೋಡೆಯ ಕಡೆ ತಿರುಗಿ ಮಲಗಿದರು. ಮೇಲಿಂದ ಏನು ಕಂಡಿತು ಎಂದು ಅವರು ಕೇಳಲಿಲ್ಲ. ಆಕೆ ಹೇಳಲೂ ಇಲ್ಲ. ವಾಪಸು ಬರುವ ವಿಮಾನದಲ್ಲಿ, “ಪಾರೂ, ನಾ ಹಾಸಿಗ್ಯಾಗ ಬಿದ್ದಿದ್ದು ಯಾರ ಮುಂದೂ ಹೇಳಬ್ಯಾಡ. ಮಂದಿ ನಗ್ತಾರ,” ಎಂದು ಆಣೆ ಹಾಕಿಸಿಕೊಂಡರು. ಅವರ ಮುಖ ನೋಡಿ ಆಕೆಗೆ ಅಯ್ಯೋ ಅನಿಸಿತು. ಆಗಲಿ ಬಿಡ್ರಿ ಎಂದಳು. ಆದರೆ ಆವತ್ತಿನಿಂದ ಆ ಮೆಟ್ಟಿಲುಗಳು ಆಕೆಯ ಹೊಟ್ಟೆಯಲ್ಲೇ ಉಳಿದವು. ಊರಿಗೆಲ್ಲ ಹೇಳುವ ಆಸೆ ಆಕೆಗಿರಲಿಲ್ಲ. ಗಂಡನಿಗೆ ಹೇಳಬೇಕಿತ್ತು, ಗಂಡ ಕೇಳಬೇಕಿತ್ತು.

ಈ ಭಾನುವಾರ ಓಕ್‌ವಿಲ್ಲಿನಿಂದ ಚಂದ್ರಮೋಹನ, ಅವರ ಹೆಂಡತಿ ಭಾನುಮತಿ ಊಟಕ್ಕೆ ಬಂದಿದ್ದರು. ಮೈಸೂರಿನವರು, ಮುಂದಿನ ತಿಂಗಳು ವಿಯೆನ್ನಾಕ್ಕೆ ಹೊರಟವರು. ಗೈಡ್ ಕಾಕಾನ ಸಲಹೆ ಬರೆದುಕೊಳ್ಳಲು ಭಾನುಮತಿ ನೋಟ್‌ಬುಕ್ಕನ್ನೇ ತಂದಿದ್ದರು. ಟೀವಿಯ ಮೇಲೆ ಫೋಟೋ ಓಡುತ್ತಿದ್ದವು. ಅಲ್ಲಲ್ಲಿ ಮೂಲೆಯಲ್ಲಿ ಪಾರ್ವತೆವ್ವನ ಹೆಬ್ಬೆರಳೂ ಕಾಣುತ್ತಿತ್ತು.

“ಸಾರ್, ಆ ಚರ್ಚ್ ಟವರ್ ಹತ್ತಬಹುದಾ? ನನ್ ಮಂಡಿ ಬೇರೆ ಸರಿ ಇಲ್ಲ,” ಎಂದರು ಭಾನುಮತಿ.

“ಹತ್ತಬಹುದಾ ಅಂದ್ರ? ಹತ್ತಲೇಬೇಕ್ರಿ! ಮುನ್ನೂರ ನಲವತ್ಮೂರು ಮೆಟ್ಟಲಾ, ನಾವಿಬ್ರೂ ಹಂಗ ಮಾತಾಡ್ಕೋತ ಹತ್ತಿಬಿಟ್ವಿ. ಗೊತ್ತೂ ಆಗಂಗಿಲ್ಲ.”

“ಪಾರ್ವತೆವ್ವನೋರೂ ಹತ್ತಿದ್ರಾ? ಹಾಗಾದ್ರೆ ನಾನೂ ಹತ್ತೇ ಹತ್ತೀನಿ ಬಿಡಿ,” ಎಂದು ಭಾನುಮತಿ ಬರೆದುಕೊಂಡರು.

ಎಣ್ಣೆಗಾಯಿ ಬಡಿಸುತ್ತಿದ್ದ ಪಾರ್ವತೆವ್ವನ ಕೈ ಅಲ್ಲೇ ನಿಂತಿತು. ಆಣೆ ಮುರಿಯುವಂತಿಲ್ಲ. ಸುಮ್ಮನಿದ್ದರೆ ಈ ಹೆಣ್ಣುಮಗಳು ನಡುದಾರಿಯಲ್ಲಿ ಮಂಡಿ ಹಿಡಿದು ಕೂಡುತ್ತಾಳೆ. “ಬರ್ರಿ ಭಾನಕ್ಕ, ರೊಟ್ಟಿ ಬಡಿಯೂದು ನೋಡಬೇಕು ಅಂದಿದ್ರೆಲ್ಲ,” ಎಂದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಇಲ್ಲಿ ಕೇಳ್ರಿ. ನೀವು ಹತ್ತಬ್ಯಾಡ್ರಿ. ಸುರುಳಿ ಮೆಟ್ಟಲಾ, ಇಷ್ಟ ಅಗಲ. ಮ್ಯಾಲಿಂದ ಇಳಿಯೋರಿಗೆ ದಾರಿ ಬಿಡಬೇಕಂದ್ರ ಗ್ವಾಡಿಗೆ ಅಂಟಿಕೊಂಡು ನಿಂದ್ರಬೇಕು. ಇನ್ನೊಂದು ಗೋಪುರಕ್ಕ ಲಿಫ್ಟ್ ಐತಿ, ಅದರಾಗ ಹೋಗ್ರಿ.”

ಗಂಡನ ಸುದ್ದಿ ಒಂದಕ್ಷರ ಎತ್ತಲಿಲ್ಲ. ಆಣೆಯೂ ಉಳಿಯಿತು, ಮಂಡಿಯೂ ಉಳಿಯಿತು ಎಂದು ಪಾರ್ವತೆವ್ವ ನಿರಾಳವಾಗಿ ಹಿಟ್ಟು ನಾದಿ, ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಆದರೆ ಭಾನುಮತಿಯವರ ಬಾಯಲ್ಲಿ ಮಾತು ನಿಲ್ಲಬೇಕಲ್ಲ! ಊಟದ ಮನೆಗೆ ಹೋದವರೇ, “ಕೇಳಿದ್ರಾ? ಇನ್ನೊಂದು ಟವರ್‌ಗೆ ಲಿಫ್ಟ್ ಇದ್ಯಂತೆ. ಮೆಟ್ಟಿಲು ತುಂಬಾ ಕಷ್ಟವಂತೆ. ಸಾರ್, ನೀವು ಗೊತ್ತೇ ಆಗಲ್ಲ ಅಂದ್ರಲ್ಲಾ!” ಎಂದರು.

ಚಂದ್ರಮೋಹನ ಜನ್ಮವಿಡೀ ಎಂಜಿನಿಯರಾಗಿದ್ದವರು. ಲೆಕ್ಕ ತಾಳೆಯಾಗದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. “ಟಾಪಿಂದ ತೆಗೆದ ಫೋಟೋ ಒಂದು ತೋರ್ಸಿ ಸಾರ್, ವ್ಯೂ ಹೇಗಿದೆ ನೋಡೋಣ,” ಎಂದರು. ಆಮೇಲೆ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, “ಅಲ್ಲ, ಇಷ್ಟು ಫೋಟೋದಲ್ಲಿ ನೀವಿಬ್ರೂ ಒಂದ್ರಲ್ಲೂ ಇಲ್ವಲ್ಲ?” ಎಂದು ಸೇರಿಸಿದರು.

ನಿಜಲಿಂಗಪ್ಪನವರು ರಿಮೋಟು ಒತ್ತಿದರು. ಕೆಳಗಿನಿಂದ ತೆಗೆದ ಗೋಪುರ. ಮತ್ತೆ ಒತ್ತಿದರು. ಅದೇ ಗೋಪುರ, ಸ್ವಲ್ಪ ಸೊಟ್ಟಗೆ. ಅವರ ಹಣೆಯ ಮೇಲೆ ಬೆವರು ಒಡೆಯಿತು.

ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದ ಪಾರ್ವತೆವ್ವ ಅದನ್ನು ನೋಡಿದಳು. ನಲವತ್ತು ವರ್ಷ ಬಾಳ್ವೆ ಮಾಡಿದ ಮುಖ ಅದು. ನೋಡಿಕೊಂಡು ಇರಲಾಗಲಿಲ್ಲ.

“ಅವರ ಹತ್ತಿದ್ರು, ನಾ ಹತ್ತಲಿಲ್ಲ,” ಎಂದಳು. “ನನ್ನ ಕೈಲಿ ಎಲ್ಲಿ ಆಗ್ತದ್ರಿ? ಕೆಳಗ ಕಟ್ಟಿ ಮ್ಯಾಲೆ ಕುಂತಿದ್ದೆ. ಫೋನು ನನ್ನ ಹಂತ್ಯಾಕ ಉಳೀತು, ಅದಕ್ಕ ಮ್ಯಾಲಿನ ಫೋಟೋ ಇಲ್ಲ. ಮೆಟ್ಟಲಾ ಕಷ್ಟ ಅಂತ ಇವರ ಹೇಳಿದ್ದು. ಈಗ ಮಂದಿ ಮುಂದ ಜಂಬ ಕೊಚ್ಕೋತಾರ.”

ಎಲ್ಲವೂ ಸರಿಹೋಯಿತು. ಚಂದ್ರಮೋಹನ ನಕ್ಕು, “ಭೇಷ್ ಸಾರ್! ಈ ವಯಸ್ಸಲ್ಲಿ ಮುನ್ನೂರ ನಲವತ್ಮೂರು! ಹ್ಯಾಟ್ಸ್ ಆಫ್!” ಎಂದು ಚಪ್ಪಾಳೆ ತಟ್ಟಿದರು. ಪಾರ್ವತೆವ್ವ ಸರಕ್ಕನೆ ಒಳಗೆ ತಿರುಗಿದಳು. ಜನ್ಮದಲ್ಲಿ ತನ್ನದು ಅಂತ ಒಂದು ಮಾಡಿದ್ದಳು, ಅದನ್ನೂ ಎತ್ತಿ ಕೊಟ್ಟುಬಿಟ್ಟಿದ್ದಳು. ಕೊಟ್ಟಾಗ ಸಲೀಸಾಗಿತ್ತು, ಕೊಟ್ಟ ಮೇಲೆ ಕಣ್ಣು ತುಂಬಿಬಂದವು.

“ಪಾರೂ, ನಿಂದ್ರು.”

ನಿಜಲಿಂಗಪ್ಪನವರು ಟೀವಿ ಆರಿಸಿದ್ದರು.

“ಇಕಿ ಸುಳ್ಳ ಹೇಳಾಕತ್ತಾಳ್ರಿ. ನನ್ನ ಮಾನಾ ಉಳಿಸಾಕ ಹೇಳಾಕತ್ತಾಳ. ನಾ ವಿಯೆನ್ನಾದಾಗ ನೋಡಿದ್ದು ಒಂದ ಹೋಟೆಲ್ ಖೋಲಿ. ಮೊದಲ್ನೇ ದಿನಾನ ಬಿದ್ದು ಕಾಲು ಉಳುಕಿಸ್ಕೊಂಡೆ. ಊರು ತಿರುಗಿದಾಕಿ ಇಕಿ, ಫೋಟೋ ತಗದಾಕಿ ಇಕಿ. ಆ ಗೋಪುರಾ ಹತ್ತಿದಾಕೀನೂ ಇಕೀನ. ಒಬ್ಬಾಕಿನ ಹತ್ಯಾಳ.” ಅವರ ದನಿ ಒಡೆಯಿತು. “ನಿನ್ನ ಕೈಲಾಗಂಗಿಲ್ಲ ಅಂತ ಬರದು ಕೊಟ್ಟಾಂವ ನಾನು. ಹತ್ತಿ ಬಂದಾಕಿಗೆ ಬೈದಾಂವನೂ ನಾನ. ಆ ಚಪ್ಪಾಳಿ ನನಗ ಬ್ಯಾಡ್ರಿ ಚಂದ್ರಮೋಹನ್ ಅವರ.”

ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಭಾನುಮತಿಯವರೇ ಓಡಿಹೋಗಿ ಒಲೆ ಆರಿಸಿದರು.

“ಬಾ ಇಲ್ಲಿ, ಕುಂದ್ರು,” ಎಂದು ನಿಜಲಿಂಗಪ್ಪನವರು ಪಕ್ಕದ ಕುರ್ಚಿ ಎಳೆದರು. “ಅವತ್ತ ನಾ ಕೇಳಲಿಲ್ಲ. ಈಗ ಕೇಳಾಕತ್ತೀನಿ. ಮ್ಯಾಲಿಂದ ಏನ ಕಾಣಿಸ್ತು ಪಾರೂ?”

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪಾರ್ವತೆವ್ವ ಕೂತಳು. ಇಷ್ಟು ದಿನ ಹೇಳಬೇಕೆಂದುಕೊಂಡದ್ದನ್ನು ಎಲ್ಲಿಂದ ಶುರುಮಾಡಬೇಕೋ ತಿಳಿಯಲೊಲ್ಲದು. ಬಣ್ಣಬಣ್ಣದ ಹಂಚಿನ ಮಾಡು, ದೂರದಲ್ಲಿ ತಿರುಗುವ ಜಾಯಂಟ್ ವ್ಹೀಲು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

“ಮ್ಯಾಲೆ ಹೋದ ಕೂಡ್ಲೆ ನಾ ಊರು ನೋಡಲಿಲ್ರಿ,” ಎಂದಳು ಮೆಲ್ಲಗೆ. “ನಮ್ಮ ಹೋಟೆಲ್ಲು ಎಲ್ಲೈತಿ ಅಂತ ಹುಡುಕಿದೆ. ಹಸರ ಬಾಗಿಲದ್ದು. ಸಿಕ್ತು. ನೀವು ಮಲಗಿದ್ದ ಖಿಡಕಿ ಯಾವುದಂತ ಎಣಿಸಿದೆ, ಮೂರನೇ ಮಜಲಿ, ಬಲಕ್ಕ ಕಡೀದು. ನೀವು ನೋಡೂದಿಲ್ಲಂತ ಗೊತ್ತಿತ್ತು. ಆದ್ರೂ ಕೈ ಬೀಸಿದೆ. ಪಕ್ಕದಾಗ ನಿಂತ ಬಿಳೇ ಹುಡುಗಿ ನನ್ನ ನೋಡಿ ತಾನೂ ಬೀಸಿದ್ಲು.”

ನಿಜಲಿಂಗಪ್ಪನವರು ಹೆಂಡತಿಯ ಹಿಟ್ಟು ಮೆತ್ತಿದ ಕೈ ಹಿಡಿದುಕೊಂಡರು.

“ಖಿಡಕ್ಯಾಗಿಂದ ಕಾಣ್ತಿದ್ದದ್ದ ಅದೊಂದ ಗೋಪುರಾ,” ಎಂದರು. “ಅವತ್ತ ಮೂರು ತಾಸು ಅದನ್ನ ನೋಡ್ಕೋತ ಕುಂತಿದ್ದೆ ನೋಡು, ನಿನಗ ಬೈಕೋತ.”

ಪಾರ್ವತೆವ್ವ ಅಳುತ್ತಳುತ್ತಲೇ ನಕ್ಕಳು. “ಹಂಗಾರ ಇನ್ನ ಬೈಬ್ಯಾಡ್ರಿ,” ಎಂದಳು. “ರೊಟ್ಟಿ ಆರತಾವ. ಉಣ್ಕೋತ ಕೇಳ್ರಿ, ಮೊದಲ್ನೇ ಮೆಟ್ಟಲಿಂದ ಹೇಳ್ತೀನಿ.”