ಯಾವ ನೀರಿನ ಮೀನು

ತೊಂಬತ್ತೆಂಟರ ಬೇಸಿಗೆಯ ಮಾತು. ನನ್ನ ಹೆಂಡತಿ ರಂಜಿನಿಗೆ ಆಗ ಏಳು ತಿಂಗಳು. ಹಿಂದಿನ ಸಲ ಐದಕ್ಕೇ ಮಗು ಹೋಗಿತ್ತು. ಈ ಸಲ ರಕ್ತ ಕಡಿಮೆ ಎಂದರು ಶಿವಮೊಗ್ಗದ ಡಾಕ್ಟರ್ ಸೌಂದರ್ಯ. ಮೊಟ್ಟೆ, ಮಾಂಸದ ವಾಸನೆಗೇ ಅವಳಿಗೆ ವಾಂತಿ. ಒಳಗೆ ನಿಲ್ಲುತ್ತಿದ್ದುದು ಮೀನು ಮಾತ್ರ.

"ಹಾಗಾದ್ರೆ ಮೀನೇ ಕೊಡಿ," ಎಂದರು ಡಾಕ್ಟರು.

"ಹೊಳೇದೋ, ಸಾಕಿದ್ದೋ ಮೇಡಂ?"

ಹಣೆಯ ವಿಭೂತಿ ಮುಟ್ಟಿಕೊಂಡು ಅವರು ನಕ್ಕುಬಿಟ್ಟರು. "ನಮ್ಮ ಮನೆ ಹೊಸಲನ್ನೇ ಮೀನು ದಾಟಿಲ್ಲ ಭೀಮೇಶ್. ನಾನು ಪುಸ್ತಕದಲ್ಲಿ ಓದಿದ್ದು ಅಷ್ಟೆ. ಶುದ್ಧವಾಗಿರೋದು ನೋಡಿ ತಗೊಳಿ."

ಶುದ್ಧ! ನಾನು ಕೇಳಿದ್ದೂ ಅದನ್ನೇ ಅಲ್ಲವೇ?

ಮರುದಿನ ಬೆಳಿಗ್ಗೆ ಭದ್ರಾವತಿಯ ಮೀನು ಮಾರ್ಕೆಟ್ಟಿಗೆ ಹೋದೆ. ಹಿಂದಿನ ವಾರ ಹೊಳೆಯಲ್ಲಿ ಮೀನು ಸತ್ತು ತೇಲಿದ್ದವು. ಯಾಕೆಂದು ಕೇಳಿದರೆ ಬಾಯಿಗೊಂದು ಕಾರಣ ಹೇಳುತ್ತಿದ್ದರು. ಹೊಳೆ ಮೀನು ಇದ್ದದ್ದು ಹೂವಪ್ಪನ ಬುಟ್ಟಿಯಲ್ಲಿ ಮಾತ್ರ, ಅದೂ ನಾಲ್ಕೇ.

"ಸಾಕಿದ್ ಮೀನು ಮುಟ್ಟಬೇಡ ಮಾರಾಯ," ಎಂದ ಅವನು, ರಂಜಿನಿಯ ವಿಷಯ ಕೇಳಿ. "ಅದಕ್ಕೆ ಹಾಕೋದು ಕೋಳಿ ಕರುಳು. ಬಸುರಿಗೆ ಅದನ್ನ ಕೊಡ್ತೀಯಾ?"

ಪಕ್ಕದಲ್ಲೇ ಸಾಕಿದ ಕಾಟ್ಲಾ ರಾಶಿ ಹಾಕಿಕೊಂಡಿದ್ದ ಪುಟ್ಟಯ್ಯ ಬಿಡುತ್ತಾನೆಯೇ? "ತವುಡು, ಹಿಂಡಿ ತಿಂದು ಬೆಳೆದದ್ದು ಕಣಯ್ಯ. ನನ್ನ ಹೊಂಡದಲ್ಲಿ ಏನಿದೆ ಅಂತ ನಂಗೊತ್ತು. ಹೊಳೇಲಿ ಏನಿದೆ ಅಂತ ಅವನಿಗೆ ಗೊತ್ತಾ?"

ಇಬ್ಬರ ಮಾತೂ ನಿಜವೆನಿಸಿತು, ಅದೇ ನನ್ನ ಕರ್ಮ. ಸಮುದ್ರದ ಬಂಗುಡೆ ನೋಡಿದೆ. ಐಸಿನಲ್ಲಿ ಎಷ್ಟು ದಿನವಾಯಿತು ಎಂದು ಕೇಳಿದ್ದಕ್ಕೆ ಮಾರುವವಳು ಬೇರೆ ಗಿರಾಕಿಯ ಕಡೆ ತಿರುಗಿದಳು. ಅತ್ತ ದರಿ ಇತ್ತ ಪುಲಿ ಎಂದವನಿಗೆ ಎರಡೇ ಕಷ್ಟ, ನನಗೆ ಮೂರು. ಫ್ಯಾಕ್ಟರಿಯ ಲೇತ್ ಮೇಲೆ ಕೂದಲೆಳೆಯ ವ್ಯತ್ಯಾಸ ಹಿಡಿಯುವವನು ನಾನು. ಕಿವಿರು ಎತ್ತಿ ಎತ್ತಿ ನೋಡಿದರೂ ಏನೂ ತಿಳಿಯಲಿಲ್ಲ. ಖಾಲಿ ಚೀಲ ಹಿಡಿದು ಮನೆಗೆ ಬಂದೆ.

ಮನೆ ತುಂಬಾ ಮೀನು ಸಾರಿನ ಘಮ. ರಂಜಿನಿ ತಟ್ಟೆ ಬಳಿದು ಉಣ್ಣುತ್ತಿದ್ದಳು.

"ಯಾವ ಮೀನವ್ವಾ ಅದು?" ಎಂದು ಕೂಗಿದೆ.

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಬಾಗಿಲಿಗೆ ಬಂತು, ತಗೊಂಡೆ. ನೀನು ಆರಿಸಿ ತರೋ ಹೊತ್ತಿಗೆ ಕೂಸಿನ ನಾಮಕರಣವೇ ಆಗಿರುತ್ತೆ."

"ಹೊಳೇದಾ, ಸಾಕಿದ್ದಾ?"

"ಮೀನು ಕಣೋ. ಅದರ ಊರು, ಮನೆತನ ಎಲ್ಲಾ ಕೇಳ್ಬೇಕಿತ್ತಾ?"

ಬೈಯಲೆಂದು ಬಾಯಿ ತೆರೆದೆ. ಹೊಳೆಯಲ್ಲಿ ಸತ್ತು ತೇಲಿದ ಮೀನು ನೆನಪಾಗಿ ಹೆದರಿಕೆಯಾಯಿತು. ಆದರೂ ಎರಡು ತಿಂಗಳಿಂದ ರಂಜಿನಿ ಹೀಗೆ ಹೊಟ್ಟೆ ತುಂಬ ಉಂಡಿರಲಿಲ್ಲ. ಕೈ ತೊಳೆದು ಬಂದವಳು ತಟ್ಟನೆ ನಿಂತು, ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

"ನೋಡ್ರೀ, ಹೆಂಗೆ ಒದೀತಿದೆ! ಇಷ್ಟು ಜೋರಾಗಿ ಯಾವತ್ತೂ ಒದ್ದಿರಲಿಲ್ಲ."

ಅವಳು ನಗುತ್ತಿದ್ದಳು. ನಾನು ಕೈ ತೆಗೆಯಲಿಲ್ಲ. ಒಳಗಿನ ಕೂಸಿಗೆ ಖುಷಿಯೋ ಸಂಕಟವೋ, ನನಗೆ ಗೊತ್ತಾಗಲಿಲ್ಲ.