ಅತ್ತೆ ಬಿಡಿಸಿದ ಮಾತ್ರೆ

ನಲವತ್ತಮೂರನೇ ವಯಸ್ಸಿಗೆ ನಾನು ಬಸುರಿ ಅಂತ ಗೊತ್ತಾದಾಗ ಅತ್ತೆ ಮೊದಲು ಮಾಡಿದ ಕೆಲಸ ನನ್ನ ಥೈರಾಯ್ಡ್ ಮಾತ್ರೆಯ ಡಬ್ಬಿಯನ್ನು ಎತ್ತಿಟ್ಟಿದ್ದು.

"ಹೊಟ್ಟೇಲಿ ಮಗು ಇಟ್ಕೊಂಡು ಯಾರಾದ್ರೂ ಔಷಧಿ ನುಂಗ್ತಾರಾ? ಕೊನೇ ಮಗಳನ್ನ ಹೆತ್ತಾಗ ನನಗೂ ನಲವತ್ತು. ಯಾವ ಮಾತ್ರೆ ನುಂಗಿದ್ದೆ?"

ನಮ್ಮನೆಯವರು ಎಂದಿನಂತೆ ಕೋಲೆಬಸವನ ಹಾಗೆ ತಲೆಯಾಡಿಸಿದರು. ನಾನೂ ಎದುರಾಡಲಿಲ್ಲ. ಹದಿನೇಳು ವರ್ಷ ಕಾದು ಬಂದ ಮಗು, ಯಾರು ಏನು ಹೇಳಿದರೂ ಕೇಳುತ್ತಿದ್ದೆ.

ನನ್ನದು ಬಟ್ಟೆ ರಿಪೇರಿ ಅಂಗಡಿ. ಊರಿನವರ ಪ್ಯಾಂಟನ್ನೆಲ್ಲ ಸಡಿಲ ಮಾಡಿಕೊಡುವವಳು ಮೂರು ತಿಂಗಳಲ್ಲಿ ನನ್ನ ಬಟ್ಟೆಯ ಹೊಲಿಗೆಯನ್ನೇ ಮೂರು ಸಲ ಬಿಚ್ಚಿದೆ. ತೂಕ ಹದಿನಾಲ್ಕು ಕಿಲೋ ಏರಿತು, ಮುಖ ಊದಿತು, ಮಿಷನ್ ಮುಂದೆ ಕೂತಲ್ಲೇ ನಿದ್ದೆ. ಅತ್ತೆಗೆ ಸ್ವರ್ಗಕ್ಕೆ ಮೂರೇ ಗೇಣು. "ಮಗು ಗುಂಡುಗುಂಡಾಗಿ ಬೆಳೀತಿದೆ," ಅಂತ ಇನ್ನೊಂದು ಸೌಟು ಬಡಿಸುತ್ತಿದ್ದರು. ನನಗೆ ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆಸ್ಪತ್ರೆಗೆ ಹೋಗಲು ಬಿಡುವಿಲ್ಲ ಅನ್ನುವುದು ಬರೀ ನೆಪ, ಏಳುವುದಕ್ಕೇ ಮನಸ್ಸು ಬರುತ್ತಿರಲಿಲ್ಲ.

ಆರನೇ ತಿಂಗಳಲ್ಲಿ ಕೊನೆಗೂ ಸ್ಕ್ಯಾನಿಗೆ ಹೋದೆ. ಡಾಕ್ಟರಮ್ಮ ರಕ್ತದ ರಿಪೋರ್ಟನ್ನು ಎರಡು ಸಲ ನೋಡಿದರು.

"ಮಗು ತುಂಬಾ ಸಣ್ಣದಿದೆ. ಏರಿದ ತೂಕವೆಲ್ಲ ನಿಮ್ಮದೇ. ಥೈರಾಯ್ಡ್ ಕಮ್ಮಿಯಾದ್ರೆ ಹೀಗೇ, ಮೈ ಊದುತ್ತೆ, ನಿದ್ದೆ ಬರುತ್ತೆ, ಯಾವುದರಲ್ಲೂ ಮನಸ್ಸೇ ಇರಲ್ಲ. ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದು ಯಾರು?"

"ನಾನೇ," ಅಂದೆ. ದೊಡ್ಡತನವೇನಲ್ಲ, ವಿವರಿಸಲು ಬೇಜಾರು ಅಷ್ಟೆ.

"ಇವತ್ತೇ ಮತ್ತೆ ಶುರು ಮಾಡಿ. ಡೋಸ್ ಹೆಚ್ಚಿಸಿ ಬರೆದಿದ್ದೀನಿ."

ಚೀಟಿ ತೆಗೆದುಕೊಂಡು ಎದ್ದು ಬಂದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ, ಗಿರಾಕಿಯ ಅಳತೆ ಓದಿ ಹೇಳುವ ಹಾಗೆ, ಎಲ್ಲವನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ನನ್ನ ಹೆಸರು ಹೇಳಿದ್ಯಾ?"

"ಇಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಗು ದಪ್ಪ ಆಗುತ್ತಾ, ಅತ್ತೆ?"

ಅವರು ಎದ್ದರು. ಟೋಕನ್ ಕೇಳಿದ ನರ್ಸನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದರು. ಬಾಗಿಲು ಅರ್ಧ ತೆರೆದೇ ಇತ್ತು.

"ಮಾತ್ರೆ ಬಿಡಿಸಿದ್ದು ನಾನು ತಾಯಿ, ಅವಳದ್ದೇನೂ ತಪ್ಪಿಲ್ಲ. ಮಗು ಉಳಿಯುತ್ತಾ? ಅದೊಂದು ಹೇಳಿಬಿಡಿ."

"ಈಗಲೇ ಹೇಳೋಕಾಗಲ್ಲಮ್ಮ. ಎದೆಬಡಿತ ಚೆನ್ನಾಗಿದೆ. ಎರಡು ವಾರ ಬಿಟ್ಟು ನೋಡೋಣ."

ನಾನು ಚೀಟಿ ಹಿಡಿದು ಬೆಂಚಿನ ಮೇಲೆ ಕೂತಿದ್ದೆ. ಮಗು ಉಳಿಯುತ್ತಾ ಅಂತ ನಾನು ಕೇಳೇ ಇರಲಿಲ್ಲ. ಕೇಳಬೇಕು ಅಂತ ಅನ್ನಿಸಿಯೂ ಇರಲಿಲ್ಲ.